ವಿಗ್ರಹ: ಕಣ್ಣಿನಿಂದ ಕೈಗೆ ಬಂದ ಪದ

ಶಾಲೆಯಲ್ಲಿ ಸಮಾಸದ ಪಾಠ ಕಲಿತ ಯಾರಿಗೂ ‘ವಿಗ್ರಹವಾಕ್ಯ’ ಎಂಬ ಮಾತು ಹೊಸದಲ್ಲ. ‘ಹೆಬ್ಬಾಗಿಲು’ ಎಂದು ಕೊಟ್ಟರೆ ‘ಹಿರಿದಾದ ಬಾಗಿಲು’ ಎಂದು ಬಿಡಿಸಿ ಬರೆಯಬೇಕು, ‘ಅರಮನೆ’ ಎಂದರೆ ‘ಅರಸನ ಮನೆ’ ಎನ್ನಬೇಕು, ಅಷ್ಟು ಮಾಡಿದರೆ ಅಂಕ ಸಿಗುತ್ತಿತ್ತು. ಗುಡಿಯ ಗರ್ಭಗೃಹದಲ್ಲಿ ದೀಪದ ಬೆಳಕಿಗೆ ಮಿನುಗುವ ವಿಗ್ರಹಕ್ಕೂ ವ್ಯಾಕರಣದ ಈ ವಿಗ್ರಹಕ್ಕೂ ಏನು ನಂಟು ಎಂದು ಆಗ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿಯೋ. ಇನ್ನು ಮೂರನೆಯದೂ ಒಂದಿದೆ: ಭಾನುವಾರದ ಉಪದೇಶದಲ್ಲಿ, ಜ್ಞಾನೋಪದೇಶದ ತರಗತಿಯಲ್ಲಿ, ದಶಾಜ್ಞೆಗಳ ಪಾಠದಲ್ಲಿ ‘ವಿಗ್ರಹಗಳಿಂದ ದೂರವಾಗಿ’ ಎಂದು ಕನ್ನಡ ಕ್ರೈಸ್ತರು ಹುಟ್ಟಿದಂದಿನಿಂದ ಕೇಳುತ್ತ ಬಂದ ವಿಗ್ರಹ. ಒಂದೇ ಪದ ಬಿಡಿಸುವುದಕ್ಕೂ ಆಯಿತು, ಪೂಜಿಸುವುದಕ್ಕೂ ಆಯಿತು, ತೊರೆಯುವುದಕ್ಕೂ ಆಯಿತು. ಪದಗಳ ಬೇರು ಕೆದಕುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ?

ಮೂಲ ಧಾತು ‘ಗ್ರಹ್’, ವೇದದ ಹಳೆಯ ರೂಪದಲ್ಲಿ ‘ಗ್ರಭ್’; ಅರ್ಥ ಹಿಡಿಯುವುದು, ಹಳಗನ್ನಡದ ‘ಪಿಡಿ’. ಅದರ ಮುಂದೆ ‘ವಿ’ ಎಂಬ ಉಪಸರ್ಗ ಬಂದು ನಿಂತರೆ ಬೇರೆಬೇರೆಯಾಗಿ ಹಿಡಿ, ಅಗಲಿಸಿ ಹಿಡಿ, ಬಿಡಿಸಿ ಹಿಡಿ ಎಂದಾಗುತ್ತದೆ. ಅಮರಸಿಂಹ ತನ್ನ ಕೋಶದಲ್ಲಿ ಈ ಪದವನ್ನು ಒಂದಲ್ಲ, ಹಲವು ಕಡೆ ಇಟ್ಟಿದ್ದಾನೆ: ಶರೀರದ ಹೆಸರುಗಳ ಸಾಲಿನಲ್ಲಿ ಒಮ್ಮೆ, ಯುದ್ಧ ಕಲಹಗಳ ಸಾಲಿನಲ್ಲಿ ಒಮ್ಮೆ, ವಿಸ್ತಾರವನ್ನು ಹೇಳುವ ಪದಗಳ ಸಾಲಿನಲ್ಲಿ ಇನ್ನೊಮ್ಮೆ. ಈ ಮೂರನೆಯದೇ ನಮಗೆ ಬೇಕಾದ ಸೇತುವೆ. ಒಟ್ಟಾಗಿದ್ದದ್ದನ್ನು ಹರಡಿದರೆ ವಿಸ್ತಾರ. ಹರಡಿ ತನ್ನದೇ ಅಂಚು ಆಕಾರಗಳನ್ನು ಪಡೆದು ಉಳಿದದ್ದರಿಂದ ಬೇರೆಯಾಗಿ ನಿಂತರೆ ಅದು ಒಡಲು. ಕೂಡಿದ್ದ ಇಬ್ಬರು ಬೇರೆಯಾಗಿ ನಿಂತರೆ ಅದು ಜಗಳ. ಕೂಡಿದ್ದ ಪದಗಳನ್ನು ಬೇರೆ ಮಾಡಿ ನಿಲ್ಲಿಸಿದರೆ ವಿಗ್ರಹವಾಕ್ಯ. ಎಲ್ಲದರ ತಳದಲ್ಲೂ ಬೇರ್ಪಡುವಿಕೆ ಇದೆ.

ಅರಸರ ಓಲಗದಲ್ಲಿ ಈ ಪದ ಬಹುಕಾಲ ಜಗಳದ ಅರ್ಥದಲ್ಲೇ ದುಡಿಯಿತು. ಕೌಟಿಲ್ಯನ ಷಾಡ್ಗುಣ್ಯದಲ್ಲಿ ಸಂಧಿ ಮೊದಲನೆಯದು, ವಿಗ್ರಹ ಎರಡನೆಯದು. ಇವೆರಡನ್ನೂ ನೋಡಿಕೊಳ್ಳುವ ಅಧಿಕಾರಿ ಸಂಧಿವಿಗ್ರಹಿ. ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ತಿರುವಿದರೆ ಸಂಧಿವಿಗ್ರಹಿ, ಹಿರಿಯ ಸಂಧಿವಿಗ್ರಹಿ, ಕನ್ನಡ ಸಂಧಿವಿಗ್ರಹಿ, ಲಾಳ ಸಂಧಿವಿಗ್ರಹಿ ಎಂದು ಈ ಹುದ್ದೆಯ ಕವಲುಗಳೇ ಎದುರಾಗುತ್ತವೆ. ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲಿ ಇಮ್ಮಡಿ ಜಯಸಿಂಹನ ಆಸ್ಥಾನದಲ್ಲಿ ಇದೇ ಹುದ್ದೆಯಲ್ಲಿದ್ದವನು. ಉತ್ತರದ ಚಾಹಮಾನ ಕುಲದ ವಿಗ್ರಹರಾಜನ ಹೆಸರನ್ನು ‘ಮೂರ್ತಿಗಳ ರಾಜ’ ಎಂದು ತಿಳಿದರೆ ತಪ್ಪಾಗುತ್ತದೆ; ಅವನು ಕದನದ ಅರಸ. ನಮ್ಮ ಮಕ್ಕಳು ವ್ಯಾಕರಣದಲ್ಲಿ ಕಲಿಯುವುದೂ ಸಂಧಿಯನ್ನೇ, ವಿಗ್ರಹವನ್ನೇ. ಪದಗಳು ಕೂಡುವುದು, ಪದಗಳು ಅಗಲುವುದು. ಅರಸರ ಹಗೆ ಕೆಳೆಗಳ ಮಾತೇ ಅಕ್ಷರಗಳಿಗೂ ಸಾಕಾಗಿದೆ.

ಒಡಲೆಂಬ ಅರ್ಥ ದೇವರ ಕಡೆಗೆ ಹೊರಳಿದ್ದು ವಾದದ ನಡುವೆ. ಯಜ್ಞದಲ್ಲಿ ಕರೆಯುವ ದೇವತೆಗೆ ವಿಗ್ರಹ ಉಂಟೆ, ಎಂದರೆ ಮೈ ಉಂಟೆ, ಎಂಬುದು ಮೀಮಾಂಸಕರ ಗಂಭೀರವಾದ ಚರ್ಚೆ. ಜೈಮಿನಿಯ ಸೂತ್ರಗಳಿಗೆ ಭಾಷ್ಯ ಬರೆದ ಶಬರನ ಕಡೆಯವರು ಇಲ್ಲ ಎಂದರು; ಬ್ರಹ್ಮಸೂತ್ರದ ದೇವತಾಧಿಕರಣವನ್ನು ವ್ಯಾಖ್ಯಾನಿಸಿದ ವೇದಾಂತಿಗಳು ಉಂಟು ಎಂದರು. ಕಲ್ಲು ಕಂಚುಗಳ ಮಾತೇ ಅಲ್ಲಿಲ್ಲ, ಕೇಳುವುದೆಲ್ಲ ದೇವತೆಯ ದೇಹವನ್ನು ಕುರಿತು. ಆಮೇಲೆ ಆಗಮಗಳ, ಶ್ರೀವೈಷ್ಣವರ ಮಾತಿನಲ್ಲಿ ಅರ್ಚಾವಿಗ್ರಹ, ದಿವ್ಯಮಂಗಳವಿಗ್ರಹ, ಉತ್ಸವವಿಗ್ರಹ ಎಂದು ಆ ದೇಹವೇ ಗುಡಿಯೊಳಗೆ ಬಂದು ನೆಲೆಸಿತು. ಆದ್ದರಿಂದ ಭಕ್ತನ ಬಾಯಲ್ಲಿ ವಿಗ್ರಹ ಎಂದರೆ ಪ್ರತಿಕೃತಿಯಷ್ಟೇ ಅಲ್ಲ, ಮೈ. ಪ್ರತಿಮೆಯಲ್ಲಿ ‘ಮಾ’ ಧಾತುವಿನ ಅಳತೆ ಇದೆ, ಎದುರಿಗಿಟ್ಟು ಅಳೆದು ಮಾಡಿದ್ದು ಅದು. ಮೂರ್ತಿಯಲ್ಲಿ ‘ಮೂರ್ಛ್’ ಧಾತುವಿನ ಹೆಪ್ಪುಗಟ್ಟುವಿಕೆ ಇದೆ. ವಿಗ್ರಹದಲ್ಲಿ ಮಾತ್ರ ಉಸಿರಾಡುವ ಒಡಲಿನ ನೆನಪು ಉಳಿದಿದೆ.

ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೈಬಲನ್ನು ಕನ್ನಡಕ್ಕೆ ತರಲು ಕುಳಿತಾಗ ಅವರ ಮುಂದೆ ಈ ಪದಗಳೆಲ್ಲ ಸಾಲಾಗಿ ನಿಂತಿದ್ದವು. ಕನ್ನಡದಲ್ಲಿ ಕೊನೆಗೆ ನೆಲೆಯೂರಿದ್ದು ‘ವಿಗ್ರಹಾರಾಧನೆ’. ತೆಲುಗಿನ ಬೈಬಲಿನಲ್ಲೂ ಅದೇ, ತಮಿಳಿನಲ್ಲಿ ‘ವಿಕ್ಕಿರಕಾರಾದನೈ’, ಮಲಯಾಳದಲ್ಲೂ ಅದೇ. ಮರಾಠಿ, ಹಿಂದಿಗಳಿಗೆ ಹೋದರೆ ಥಟ್ಟನೆ ‘ಮೂರ್ತಿಪೂಜಾ’. ದಕ್ಷಿಣದ ನಾಲ್ಕು ನುಡಿಗಳು ದೇಹದ ಪದವನ್ನು ಹಿಡಿದವು, ಉತ್ತರದವು ಹೆಪ್ಪಿನ ಪದವನ್ನು. ಜೋಡಿಯ ಎರಡನೆಯ ಪದದ ಕಥೆ ಇನ್ನೂ ಸೊಗಸು. ‘ರಾಧ್’ ಎಂದರೆ ಸಾಧಿಸು, ಒಲಿಸು, ಕನ್ನಡದ ಹಳೆಯ ಗದ್ಯಗ್ರಂಥ ‘ವಡ್ಡಾರಾಧನೆ’ಯ ಹೆಸರಿನಲ್ಲಿ ಅದು ಜೈನರ ವ್ರತಸಾಧನೆ, ಮಂತ್ರಾಲಯದಲ್ಲಿ ಗುರುರಾಯರ ಪುಣ್ಯದಿನ, ಚರ್ಚಿನ ಬಾಗಿಲ ಫಲಕದಲ್ಲಿ ಭಾನುವಾರದ ‘ಆರಾಧನೆಯ ವೇಳೆ’. ಹೀಗೆ ಎಲ್ಲೆಡೆಯೂ ಪವಿತ್ರವಾಗಿರುವ ಆರಾಧನೆ, ಗುಡಿಯಲ್ಲಿ ಪವಿತ್ರವಾಗಿರುವ ವಿಗ್ರಹ, ಇವೆರಡೂ ಕೂಡಿದಾಗ ಹುಟ್ಟಿದ ಸಮಾಸ ಕ್ರೈಸ್ತ ಕನ್ನಡದಲ್ಲಿ ಪಾಪದ ಹೆಸರಾಯಿತು. ನೆರೆಯವನು ಕೈಮುಗಿದು ಹೇಳುವ ಪದವನ್ನೇ ನಿಂದೆಯ ಪದವಾಗಿ ತೆಗೆದುಕೊಂಡದ್ದರಿಂದ ಆದ ನೋವು ಸಣ್ಣದಲ್ಲ, ಅದನ್ನು ಮುಚ್ಚಿಡಬಾರದು. ಆದರೆ ಆ ಸಮಾಸಕ್ಕೂ ಒಂದು ವಿಗ್ರಹವಾಕ್ಯ ಬೇಕು, ಅದನ್ನು ಬಿಡಿಸಲು ಹೀಬ್ರೂ ಗ್ರೀಕುಗಳ ಕಡೆಗೆ ಹೋಗಿಬರಬೇಕು.

ಹೀಬ್ರೂವಿನಲ್ಲಿ ಇದಕ್ಕೆ ಒಂದು ಪದವಿಲ್ಲ, ಪದಗಳ ರಾಶಿಯೇ ಇದೆ. ಕಡೆದು ಮಾಡಿದ್ದು ‘ಪೆಸೆಲ್’, ದಶಾಜ್ಞೆಯಲ್ಲಿ ಬರುವುದು ಇದು. ಎರಕ ಹೊಯ್ದದ್ದು ‘ಮಸ್ಸೇಖಾ’. ಮನೆಯೊಳಗಿನ ದೇವರುಗಳು ‘ತೆರಾಫೀಮ್’. ಇವು ಕಮ್ಮಾರ ಬಡಗಿಗಳ ಪದಗಳು, ಮನೆಯ ಪದಗಳು. ಪ್ರವಾದಿಗಳ ಮಾತಿಗೆ ಬಂದರೆ ಸ್ವರವೇ ಬೇರೆ. ಯೆಶಾಯನಿಗೆ ಪ್ರಿಯವಾದದ್ದು ‘ಎಲೀಲ್’, ಎಂದರೆ ಹುರುಳಿಲ್ಲದ್ದು; ದೇವರೆಂಬ ‘ಎಲೋಹೀಮ್’ ಪದಕ್ಕೆ ಕಿವಿಯಲ್ಲಿ ಹತ್ತಿರ, ಅರ್ಥದಲ್ಲಿ ಬಹುದೂರ. ಯೋಬನು ತನ್ನನ್ನು ಸಂತೈಸಲು ಬಂದ ಗೆಳೆಯರನ್ನು ಕೆಲಸಕ್ಕೆ ಬಾರದ ವೈದ್ಯರೆಂದು ಜರೆಯುವಾಗಲೂ ಬಳಸುವುದು ಇದೇ ಪದ, ಅಲ್ಲಿ ಕಲ್ಲಿನ ಸುಳಿವೂ ಇಲ್ಲ. ಯೆರೆಮೀಯನಿಗೆ ‘ಹೆಬೆಲ್’, ಬಾಯಿಂದ ಹೊರಟು ಕರಗುವ ಆವಿ; ಪ್ರಸಂಗಿಯ ಪುಸ್ತಕದಲ್ಲಿ ಕನ್ನಡದವರು ‘ವ್ಯರ್ಥ’ ಎಂದು ತಂದದ್ದೂ ಇದನ್ನೇ, ಕಾಯಿನನ ತಮ್ಮ ಹೇಬೆಲನ ಹೆಸರೂ ಇದೇ. ಆವಿಯ ಬೆನ್ನು ಹತ್ತಿದವರು ತಾವೂ ಆವಿಯಾದರು ಎಂಬುದು ಯೆರೆಮೀಯನ ಸಂಕಟ. ಯೆಹೆಜ್ಕೇಲನ ಪದ ಎಲ್ಲಕ್ಕಿಂತ ಒರಟು, ‘ಗಿಲ್ಲೂಲೀಮ್’, ಸಗಣಿಯ ಉಂಡೆಗಳ ನೆನಪು ತರುವ ಉರುಟು ಶಬ್ದ. ಅವನು ಇದನ್ನು ಮತ್ತೆಮತ್ತೆ ಬಳಸುತ್ತಾನೆ, ಹದಿನಾಲ್ಕನೆಯ ಅಧ್ಯಾಯದಲ್ಲಂತೂ ಹಿರಿಯರು ಅವುಗಳನ್ನು ತಮ್ಮ ಹೃದಯದಲ್ಲೇ ನಿಲ್ಲಿಸಿಕೊಂಡಿದ್ದಾರೆ ಎನ್ನುತ್ತಾನೆ. ಎದೆಯೊಳಗೆ ಉಳಿಯಿಲ್ಲ, ಎರಕವಿಲ್ಲ. ಪದ ಅಂಗಳದಿಂದ ಒಳಮನೆಗೆ ಕಾಲಿಟ್ಟದ್ದು ಇಲ್ಲಿ. ಮುಂದೆ ಯೆಹೂದಿ ರಬ್ಬಿಗಳು ಇಡೀ ವಿಷಯಕ್ಕೆ ‘ಅವೋದಾ ಜಾರಾ’ ಎಂದು ಹೆಸರಿಟ್ಟರು, ಪರಕೀಯವಾದ ಊಳಿಗ ಎಂದು. ಆ ಹೆಸರಿನಲ್ಲಿ ಬಿಂಬವೇ ಇಲ್ಲ, ಇರುವುದು ದಾರಿ ತಪ್ಪಿದ ಸೇವೆ.

ಅಲೆಕ್ಸಾಂಡ್ರಿಯದ ಯೆಹೂದಿಗಳು ಕ್ರಿಸ್ತಪೂರ್ವದಲ್ಲಿ ತಮ್ಮ ಶಾಸ್ತ್ರವನ್ನು ಗ್ರೀಕಿಗೆ ತಂದಾಗ ಈ ರಾಶಿಯಲ್ಲಿ ಅನೇಕ ಪದಗಳಿಗೆ ಒಂದೇ ಪದವನ್ನು ಹೊದಿಸಿದರು: ‘ಐಡೋಲೊನ್’. ಕಾಣುವ ರೂಪ ‘ಐಡೊಸ್’, ಅದರಿಂದ ಬಂದದ್ದು ಇದು. ಇದರ ಆದಿಮೂಲ ‘ಕಾಣು, ತಿಳಿ’ ಎಂಬರ್ಥದ ಪ್ರಾಚೀನ ಧಾತು, ನಮ್ಮ ‘ವಿದ್’ ಹುಟ್ಟಿದ್ದೂ ಅದರಿಂದಲೇ. ಎಂದ ಮೇಲೆ ವೇದ, ವಿದ್ಯೆ, ಐಡೋಲೊನ್ ಒಂದೇ ಬಳ್ಳಿಯ ಕಾಯಿಗಳು. ಆದರೆ ಗ್ರೀಕರಲ್ಲಿ ಅದು ಕಂಡೂ ಇಲ್ಲದ ರೂಪಕ್ಕೆ ಮೀಸಲಾಗಿತ್ತು. ಹೋಮರನ ಇಲಿಯಡ್‌ನಲ್ಲಿ ಅಪೊಲೊ ದೇವ ಈನಿಯಸ್ ವೀರನ ಐಡೋಲೊನ್ ಒಂದನ್ನು ರಣರಂಗದಲ್ಲಿ ಬಿಡುತ್ತಾನೆ, ಎರಡೂ ಕಡೆಯವರು ಆ ಮಾಯಾರೂಪದ ಸುತ್ತ ಹೊಡೆದಾಡುತ್ತಾರೆ. ಒಡಿಸ್ಸಿಯಲ್ಲಿ ಹೆರಾಕ್ಲಿಸನ ಐಡೋಲೊನ್ ಪಾತಾಳದಲ್ಲಿ ತಿರುಗಾಡುತ್ತಿದ್ದರೆ ನಿಜವಾದ ಹೆರಾಕ್ಲಿಸ್ ದೇವತೆಗಳ ಪಂಕ್ತಿಯಲ್ಲಿರುತ್ತಾನೆ. ಅಂದರೆ ಈ ಪದ ಶಿಲ್ಪಕ್ಕಿಂತ ನೆರಳಿಗೆ ಹತ್ತಿರ. ಹೀಬ್ರೂವಿನ ಆವಿಗೆ ಇದು ಒಳ್ಳೆಯ ಜೊತೆ. ಇದಕ್ಕೆ ‘ಲಾತ್ರೆಯಾ’ ಸೇರಿ ‘ಐಡೋಲೊಲಾತ್ರೆಯಾ’ ಎಂಬ ಸಮಾಸವಾಯಿತು, ಪೌಲನ ಪತ್ರಗಳಲ್ಲಿ ಅದು ಚೆನ್ನಾಗಿಯೇ ಬೇರು ಬಿಟ್ಟಿದೆ. ‘ಲಾತ್ರೊನ್’ ಎಂದರೆ ಕೂಲಿ, ‘ಲಾತ್ರಿಸ್’ ಎಂದರೆ ಕೂಲಿಯಾಳು. ನಾವು ಬಿಡಿಸುವುದಾದರೆ ನೆರಳಿಗೆ ಮಾಡುವ ಊಳಿಗ, ಕೂಲಿ ಬರುವುದೆಂದು ನಂಬಿ ಮಾಡುವ ಊಳಿಗ. ಲ್ಯಾಟಿನ್ನಿಗೆ ಇಳಿಯುವಾಗ ‘ಲೊ’, ‘ಲಾ’ ಎಂದು ನಾಲಿಗೆ ತೊಡರಿ ಕಾಲಕ್ರಮದಲ್ಲಿ ಒಂದು ಅಕ್ಷರ ಉದುರಿತು. ಐರೋಪ್ಯ ಭಾಷೆಗಳಿಗೆ ಹರಿದದ್ದು ಆ ಮೊಟಕು ರೂಪವೇ. ನಮ್ಮ ಹುಡುಗರು ಇಂದು ಗಾಯಕನನ್ನೋ ಆಟಗಾರನನ್ನೋ ‘ನನ್ನ ಐಡಲ್’ ಎನ್ನುವಾಗ ಹೋಮರನ ನೆರಳು ಅವರ ಬಾಯಲ್ಲಿ ಹಾದುಹೋಗುತ್ತದೆ.

ಯಾರು, ಯಾರೊಡನೆ, ಯಾವ ಪದ ಆಡಿದರು ಎಂಬುದರಲ್ಲಿ ಈ ಕಥೆಯ ತಿರುಳಿದೆ ಎಂದು ನನಗೆ ಅನ್ನಿಸುತ್ತದೆ. ಅಪೊಸ್ತಲರ ಕೃತ್ಯಗಳಲ್ಲಿ ಲೂಕನು ಅಥೇನೆ ಪಟ್ಟಣವನ್ನು ವರ್ಣಿಸುವಾಗ ‘ಕಾತೈಡೋಲೊಸ್’, ಐಡೋಲೊನ್‌ಗಳಿಂದ ತುಂಬಿದ್ದು, ಎನ್ನುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲೂ ಆ ಪದವಿಲ್ಲ, ಮತ್ತು ಆ ಮಾತು ಓದುಗನಿಗಷ್ಟೇ ಹೇಳಿದ್ದು. ಪೌಲನು ಎದ್ದು ನಿಂತು ಅಥೇನೆಯವರೊಡನೆ ಮಾತಾಡುವಾಗ ಅದೇ ವಸ್ತುಗಳಿಗೆ ‘ಸೆಬಾಸ್ಮತಾ’, ನೀವು ಭಕ್ತಿಯಿಂದ ಕಾಣುವಂಥವು, ಎಂಬ ಪದ ಬಳಸುತ್ತಾನೆ. ದೈವವು ಚಿನ್ನಕ್ಕೂ ಕಲ್ಲಿಗೂ ಸಮವಲ್ಲ ಎಂದು ನೇರವಾಗಿಯೇ ಹೇಳುತ್ತಾನೆ, ಆದರೆ ಆ ಇಡೀ ಭಾಷಣದಲ್ಲಿ ಐಡೋಲೊನ್ ಎಂಬ ಪದ ಅವನ ಬಾಯಿಂದ ಬರುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಈ ನಯ ಇನ್ನೂ ಸೂಕ್ಷ್ಮ. ಅಲ್ಲಿನ ಪ್ರಶ್ನೆ ಗುಡಿಯಲ್ಲಿ ಅರ್ಪಿಸಿ ಸಂತೆಗೆ ಬಂದ ಮಾಂಸವನ್ನು ತಿನ್ನಬಹುದೇ ಎಂಬುದು. ತನ್ನವರೊಡನೆ ಮಾತಾಡುವಾಗ ಪೌಲನು ಅದನ್ನು ‘ಐಡೋಲೊಥುತೊನ್’ ಎನ್ನುತ್ತಾನೆ. ಆದರೆ ಹತ್ತನೆಯ ಅಧ್ಯಾಯದಲ್ಲಿ ಊಟದ ಮನೆಯಲ್ಲಿ ಯಾರಾದರೂ ಎದ್ದು ‘ಇದು ಅರ್ಪಿಸಿದ್ದು’ ಎಂದರೆ ಹೇಗೆ ಎಂದು ಊಹಿಸಿ ಬರೆಯುವಾಗ, ಆ ಇನ್ನೊಬ್ಬನ ಬಾಯಲ್ಲಿ ಇಡುವ ಪದ ‘ಹಿಯೆರೊಥುತೊನ್’, ಪವಿತ್ರವಾಗಿ ಅರ್ಪಿತವಾದದ್ದು. ಒಂದೇ ತುಂಡು, ಎರಡು ಹೆಸರು. ಪ್ರಾಚೀನ ಪ್ರತಿಗಳನ್ನು ನಕಲು ಮಾಡಿದ ಕೆಲವರಿಗೆ ಈ ನಯ ಹಿಡಿಸದೆ ಅಲ್ಲೂ ಐಡೋಲೊಥುತೊನ್ ಎಂದೇ ತಿದ್ದಿಬಿಟ್ಟರು.

ಕನ್ನಡ ನೆಲದಲ್ಲಿ ಈ ಪ್ರಶ್ನೆ ಹಬ್ಬದ ಮರುದಿನ ಬೇಲಿಯಾಚೆಯಿಂದ ತಟ್ಟೆಯಲ್ಲಿ ಬರುತ್ತದೆ. ದೇವರ ಮುಂದೆ ಇಡುವ ತನಕ ನೈವೇದ್ಯ, ಇಟ್ಟು ತೆಗೆದ ಮೇಲೆ ಪ್ರಸಾದ, ಕ್ರೈಸ್ತ ಮನೆಯಲ್ಲಿ ಕೆಲವರಿಗೆ ‘ವಿಗ್ರಹಕ್ಕೆ ಅರ್ಪಿಸಿದ್ದು’, ಕೆಲವರಿಗೆ ನೆರೆಯವರ ಪ್ರೀತಿ. ಕಥೋಲಿಕರು ಬಲಿಪೂಜೆಯಲ್ಲಿ ಸ್ವೀಕರಿಸುವುದನ್ನು ‘ಪರಮಪ್ರಸಾದ’ ಎಂದೇ ಕರೆಯುತ್ತಾರೆ, ಪ್ರಾಟೆಸ್ಟಂಟರು ‘ಕರ್ತನ ಭೋಜನ’ ಎನ್ನುತ್ತಾರೆ. ಪ್ರಸಾದವೆಂಬ ಪದವನ್ನು ಒಬ್ಬರು ಒಳಗೆ ಕರೆದರು, ಇನ್ನೊಬ್ಬರು ಹೊಸಿಲಲ್ಲೇ ನಿಲ್ಲಿಸಿದರು. ಪೌಲನ ಉತ್ತರದಲ್ಲಿ ಮಾಂಸಕ್ಕಿಂತ ಹೆಚ್ಚಿನ ತೂಕ ಎದುರಿಗಿರುವವನ ಮನಸ್ಸಾಕ್ಷಿಗೆ ಸಿಕ್ಕಿದೆ.

ಅದೇ ಪೌಲನ ಹೆಸರಿನ ಕೊಲೊಸ್ಸೆಯ ಪತ್ರದಲ್ಲಿ ಪದ ತನ್ನ ಅತಿ ದೊಡ್ಡ ಹೊರಳನ್ನು ಹೊರಳಿತು. ಮೂರನೆಯ ಅಧ್ಯಾಯದಲ್ಲಿ ತೊರೆಯಬೇಕಾದ ದುರ್ಗುಣಗಳ ಸಾಲು ಬರುತ್ತದೆ, ಅದರ ಕೊನೆಗೆ ‘ಪ್ಲೆಯೊನೆಕ್ಸಿಯಾ’. ಅದೇ ಐಡೋಲೊಲಾತ್ರೆಯಾ ಎಂದು ಅಲ್ಲಿ ತೀರ್ಪು. ‘ಪ್ಲೆಯೊನ್’ ಎಂದರೆ ಹೆಚ್ಚು, ‘ಎಖೇನ್’ ಎಂದರೆ ಹೊಂದು, ಹಿಡಿದಿರು. ಇರುವುದಕ್ಕಿಂತ ಹೆಚ್ಚು ಹಿಡಿಯಬೇಕೆಂಬ ತವಕ, ನಮ್ಮ ಅರಿಷಡ್ವರ್ಗದ ಲೋಭ. ಕಣ್ಣಿಗೆ ಕಾಣುವ ರೂಪದಿಂದ ಹುಟ್ಟಿದ ಪದ ಇಲ್ಲಿ ಕಣ್ಣನ್ನು ಬಿಟ್ಟು ಕೈಗೆ ಬಂದಿದೆ. ಎಫೆಸದವರ ಪತ್ರದಲ್ಲೂ ಲೋಭಿಗೆ ಇದೇ ಹೆಸರು. ಯೇಸುವೂ ದೇವರೊಡನೆ ಒಟ್ಟಿಗೆ ಸೇವಿಸಲಾಗದ ಎರಡನೆಯ ಯಜಮಾನನನ್ನು ಹೆಸರಿಸುವಾಗ ಯಾವ ಗುಡಿಯ ದೇವರನ್ನೂ ಹೆಸರಿಸಲಿಲ್ಲ, ‘ಮಾಮೋನ’ ಎಂದ. ಸಂಪತ್ತು ಎಂಬರ್ಥದ ಆ ಅರಮಾಯಿಕ್ ಪದವನ್ನು ಸುವಾರ್ತೆ ಬರೆದವರು ಅನುವಾದಿಸದೆ ಹಾಗೇ ಬಿಟ್ಟದ್ದರಿಂದ ಅದು ಒಬ್ಬ ಧಣಿಯ ಅಂಕಿತನಾಮದಂತೆ ನಿಂತುಬಿಟ್ಟಿತು.

ಇಲ್ಲಿ ಕನ್ನಡದ ಪದಕ್ಕೆ ಗ್ರೀಕಿಗಿಲ್ಲದ ಒಂದು ಭಾಗ್ಯ ಇದೆ. ಐಡೋಲೊನ್‌ನಲ್ಲಿ ಕೈ ಇಲ್ಲ, ವಿಗ್ರಹದಲ್ಲಿ ಇದೆ. ‘ಗ್ರಹ್’ ಧಾತುವಿನ ಮನೆಯೊಳಗೆ ಸಂಗ್ರಹವಿದೆ, ಪರಿಗ್ರಹವಿದೆ, ಬಿಡದೆ ಹಿಡಿಯುವ ಆಗ್ರಹವಿದೆ, ಅದು ಕೆಟ್ಟಾಗ ಆಗುವ ದುರಾಗ್ರಹವಿದೆ, ಅಂಗಡಿಯ ಮುಂದೆ ನಿಂತ ಗ್ರಾಹಕನಿದ್ದಾನೆ. ಜೈನರು ಸುತ್ತಲಿನದನ್ನೆಲ್ಲ ಹಿಡಿದುಕೊಳ್ಳದಿರುವುದನ್ನೇ ವ್ರತ ಮಾಡಿ ಅಪರಿಗ್ರಹ ಎಂದರು. ಕೈಯನ್ನು ತಡೆದು ಹಿಡಿದರೆ ನಿಗ್ರಹ, ಮೇಲಿನವನು ಒಲಿದು ನಮ್ಮನ್ನು ಹಿಡಿದರೆ ಅನುಗ್ರಹ. ವ್ಯುತ್ಪತ್ತಿಯಿಂದ ಧರ್ಮತತ್ತ್ವ ಸಾಧಿಸಲಾಗದು, ಅದನ್ನು ನಾವು ಬಲ್ಲೆವು. ಆದರೂ ಕೊಲೊಸ್ಸೆಯ ಪತ್ರ ಓದುವ ಕನ್ನಡ ಕ್ರೈಸ್ತನಿಗೆ ಲೋಭವೇ ವಿಗ್ರಹಾರಾಧನೆ ಎಂಬುದು ಬೇರೆಯ ಭಾಷೆಯವರಿಗಿಂತ ಹತ್ತಿರವಾಗಿ ಕೇಳಬೇಕು. ದೇವರಿಂದ ಬೇರೆಯಾಗಿಸಿ ಹಿಡಿದುಕೊಂಡದ್ದು ಯಾವುದೋ ಅದು ವಿಗ್ರಹ ಎಂದು ಪದವೇ ಕಿವಿಯಲ್ಲಿ ಹೇಳುತ್ತದೆ. ಆ ಹಿಡಿತದಲ್ಲಿ ಹಣ ಇರಬಹುದು, ಮಗನ ಹುದ್ದೆ ಇರಬಹುದು, ಜಾತಿಯ ಹೆಮ್ಮೆ ಇರಬಹುದು. ಫ್ರಾನ್ಸಿಸ್ ಬೇಕನ್ 1620ರಲ್ಲಿ ಬುದ್ಧಿಯ ಭ್ರಮೆಗಳನ್ನು ನಾಲ್ಕು ಬಗೆಯ ‘ಐಡೋಲಾ’ ಎಂದು ವಿಂಗಡಿಸಿದಾಗ ಮೂರನೆಯದಕ್ಕೆ ಸಂತೆಯ ಐಡೋಲಾ ಎಂದು ಹೆಸರಿಟ್ಟ, ಅವು ಮಾತುಗಳಿಂದಲೇ ಹುಟ್ಟುವಂಥವು. ಪದಪ್ರಿಯರಾದ ನಾವು ಅದನ್ನು ಎರಡು ಸಲ ಓದಬೇಕು.

ಕ್ರೈಸ್ತರ ಒಳಗೂ ಈ ಪದ ಮುರಿದು ಬಿದ್ದದ್ದುಂಟು. ಕ್ರಿ.ಶ. 787ರ ಎರಡನೆಯ ನಿಕೇಯ ಸಭೆ ಸಂತರ ಚಿತ್ರಗಳಿಗೆ ಮಣಿಯುವುದನ್ನು ‘ಪ್ರೊಸ್ಕುನೇಸಿಸ್’ ಎಂದು ಕರೆದು ಸಮ್ಮತಿಸಿತು, ‘ಲಾತ್ರೆಯಾ’ ದೇವರಿಗೆ ಮಾತ್ರ ಎಂದು ಗೆರೆ ಎಳೆಯಿತು. ಕನ್ನಡದಲ್ಲಿ ವಂದನೆ, ಆರಾಧನೆ ಎಂದರೆ ಆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಲ್ಯಾಟಿನ್ ಅನುವಾದದಲ್ಲಿ ಪ್ರೊಸ್ಕುನೇಸಿಸ್‌ಗೆ ‘ಅದೊರಾತಿಯೊ’ ಎಂದು ಬಿದ್ದದ್ದೇ ತಡ, ಶಾರ್ಲಮೇನನ ಆಸ್ಥಾನದ ವಿದ್ವಾಂಸರು ಕೆರಳಿ ಖಂಡನಗ್ರಂಥವನ್ನೇ ಬರೆದರು. ಒಂದು ಪದದ ಮಬ್ಬು ಎರಡು ಸಭೆಗಳ ನಡುವೆ ಗೋಡೆ ಎಬ್ಬಿಸಿತು. ವಿಗ್ರಹ ಅಲ್ಲಿ ಜಗಳವೆಂಬ ಹಳೆಯ ಅರ್ಥಕ್ಕೇ ಮರಳಿತು.

ತೊರೆಯುವುದಕ್ಕೆ ಶಾಸ್ತ್ರದಲ್ಲಿರುವ ಪದವನ್ನೂ ನೋಡದೆ ಹೋಗಬಾರದು. ಗ್ರೀಕಿನ ‘ಮೆತನೋಯಾ’ ಮನಸ್ಸಿನ ಬದಲಾವಣೆ, ಕನ್ನಡ ಕ್ರೈಸ್ತರು ಅದಕ್ಕೆ ‘ಮಾನಸಾಂತರ’ ಎಂದರು. ‘ಪಶ್ಚಾತ್ತಾಪ’ ಎಂದರೆ ಆಮೇಲಿನ ಬೇಗೆ. ಹೀಬ್ರೂವಿನ ‘ಶೂವ್’ ಇವೆರಡಕ್ಕಿಂತ ಸರಳ: ತಿರುಗು. ಆ ನುಡಿಯಲ್ಲಿ ‘ಶೂವ್’ ಇನ್ನೊಂದು ಕ್ರಿಯಾಪದದ ಜೊತೆ ಬಂದರೆ ‘ಮತ್ತೊಮ್ಮೆ’ ಎಂಬ ಅರ್ಥ ಕೊಡುತ್ತದೆ. ನಮ್ಮ ‘ತಿರುಗಿ ಹೇಳು’, ‘ತಿರುಗಿ ಬಂದ’ ಎಂಬಲ್ಲಿ ತಿರುಗುವಿಕೆ ಹೇಗೆ ಮರುಕಳಿಸುವಿಕೆ ಆಯಿತೋ ಹಾಗೆಯೇ. ಸಂಬಂಧವೇ ಇಲ್ಲದ ಎರಡು ನುಡಿಗಳು ಒಂದೇ ದಾರಿಯಲ್ಲಿ ನಡೆದದ್ದನ್ನು ಕಂಡರೆ ಮನಸ್ಸು ತುಂಬಿ ಬರುತ್ತದೆ. ತಿರುಗುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ತಿರುಗಿ ತಿರುಗಿ ಮಾಡಬೇಕಾದದ್ದು ಎಂಬುದನ್ನು ಎರಡೂ ಭಾಷೆಗಳ ವ್ಯಾಕರಣವೇ ಹಿಡಿದಿಟ್ಟಿದೆ. ಕ್ರಿ.ಶ. 50ರ ಸುಮಾರಿಗೆ ಪೌಲನು ಥೆಸಲೋನಿಕದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಅವರ ಬದುಕಿನ ಈ ತಿರುವನ್ನು ನೆನೆಯುವಾಗ ಪದಗಳ ಕ್ರಮ ಗಮನಿಸಬೇಕಾದದ್ದು: ಮೊದಲು ದೇವರ ಕಡೆಗೆ ಎನ್ನುತ್ತಾನೆ, ಆಮೇಲೆ ಐಡೋಲೊನ್‌ಗಳಿಂದ. ಕನ್ನಡದಲ್ಲಿ ಇದಕ್ಕೆ ಬಳಸುವ ಕ್ರಿಯಾಪದ ‘ತಿರುಗಿಕೊಳ್ಳು’. ಅದರೊಳಗಿನ ‘ಕೊಳ್’ ತೆಗೆದುಕೊಳ್ಳುವುದನ್ನು, ತನ್ನದಾಗಿಸಿಕೊಳ್ಳುವುದನ್ನು ಹೇಳುವ ಹಳಗನ್ನಡದ ಧಾತು. ಕೈ ಬರಿದಾಗಿ ಉಳಿಯುವುದಿಲ್ಲ. ಒಂದನ್ನು ಕೊಂಡಾಗ ಇನ್ನೊಂದರ ಹಿಡಿತ ತಾನೇ ಸಡಿಲುತ್ತದೆ.

ಯೋಹಾನನ ಮೊದಲನೆಯ ಪತ್ರ ಮುಗಿಯುವುದು ಈ ಎಚ್ಚರಿಕೆಯಲ್ಲಿ. ಮುದುಕನೊಬ್ಬ ತನ್ನ ಮನೆಯವರನ್ನು ಕರೆಯುವಂತೆ ಚಿಕ್ಕ ಮಕ್ಕಳೆಂದು ಸಂಬೋಧಿಸಿ ಅವರವರು ತಮ್ಮನ್ನು ತಾವೇ ಕಾಯ್ದುಕೊಳ್ಳಲಿ ಎನ್ನುತ್ತಾನೆ. ಹೊರಗಿನವರನ್ನು ಕುರಿತು ಅಲ್ಲಿ ಒಂದು ಮಾತೂ ಇಲ್ಲ. ನಂತರದ ಕೆಲವು ಹಸ್ತಪ್ರತಿಗಳಲ್ಲಿ ಒಂದು ‘ಆಮೆನ್’ ಸೇರಿಕೊಂಡಿದೆ. ಅದನ್ನು ಬಿಟ್ಟರೆ ಗ್ರೀಕ್ ಮೂಲದಲ್ಲಿ ಆ ಪತ್ರದ ಕಟ್ಟಕಡೆಯ ಪದ ಐಡೋಲೊನ್‌ನ ಬಹುವಚನ.